ಕೊಂಡವಾಡದ ದಂಡ

ಪರರ ನೆಲದಲ್ಲಿ ನಿಲ್ಲಿಸಿದ ವಾಹನಕ್ಕೆ ಆ ನೆಲದ ಒಡೆಯನು ದಂಡದ ಚೀಟಿಯನ್ನು ಅಂಟಿಸಬಹುದೇ ಎಂಬ ಈಗಿನ ವಿವಾದವು ಹುಟ್ಟುವುದಕ್ಕೆ ಬಹುಕಾಲ ಮೊದಲೇ, ಅದೇ ಪ್ರಶ್ನೆಯು ದನಕರುಗಳ ವಿಷಯದಲ್ಲಿ ಉದ್ಭವಿಸಿ, 1871ರ ಜಾನುವಾರು ಅತಿಕ್ರಮಣ ಕಾಯಿದೆಯಲ್ಲಿ ಒಂದು ವಿವೇಕಯುತವಾದ ಉತ್ತರವನ್ನು ಪಡೆದಿತ್ತು. ಗದಗ ಸೀಮೆಯ ಮಟ್ಟಿಗೆ ಹೇಳುವುದಾದರೆ, ಗದಗ-ಬೆಟಗೇರಿ, ಮುಂಡರಗಿಗಳು ಧಾರವಾಡ ಜಿಲ್ಲೆಗೆ ಸೇರಿ ಬ್ರಿಟಿಷರ ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದುದರಿಂದ ಅಲ್ಲಿ ಈ ಕಾಯಿದೆ ನಡೆಯುತ್ತಿತ್ತು. ಆದರೆ ಮೀರಜ ಸಂಸ್ಥಾನದ ಲಕ್ಷ್ಮೇಶ್ವರಕ್ಕೂ ಸಾಂಗಲಿ ಸಂಸ್ಥಾನದ ಶಿರಹಟ್ಟಿಗೂ ಬ್ರಿಟಿಷ್ ಶಾಸನವು ತಾನಾಗಿ ಅನ್ವಯಿಸುತ್ತಿರಲಿಲ್ಲ.

ಬೆಳೆದು ನಿಂತ ಜೋಳವನ್ನು ಮೇದು ಹಾಳುಗೆಡಹುವ ದನವನ್ನು ಹಿಡಿಯುವ ಅಧಿಕಾರವು ಹೊಲದವನಿಗಿದ್ದರೂ, ದಂಡವನ್ನು ತಾನೇ ವಸೂಲು ಮಾಡುವ ಅಧಿಕಾರವಿರಲಿಲ್ಲ. 24 ಗಂಟೆಗಳೊಳಗಾಗಿ ಆ ದನವನ್ನು ಸರಕಾರಿ ಕೊಂಡವಾಡಕ್ಕೆ, ಅಂದರೆ ಹಿಡಿದ ದನಗಳನ್ನು ಕೂಡಿಹಾಕುವ ದೊಡ್ಡಿಗೆ, ಕಳುಹಿಸತಕ್ಕದ್ದಾಗಿತ್ತು. ಮೂಲ ಕಾಯಿದೆಯ ದರದಂತೆ ಆಡಿಗೆ ಒಂದಾಣೆ, ಎತ್ತಿಗೆ ನಾಲ್ಕಾಣೆ, ಎಮ್ಮೆಗೆ ಎಂಟಾಣೆ, ಆನೆಗಾದರೆ 2 ರೂಪಾಯಿ ದಂಡವನ್ನೂ ಮೇವು-ನೀರಿನ ವೆಚ್ಚವನ್ನೂ ತೆತ್ತು ಯಜಮಾನನು ತನ್ನ ಪ್ರಾಣಿಯನ್ನು ಬಿಡಿಸಿಕೊಳ್ಳಬೇಕಿತ್ತು. 7 ದಿನಗಳಾದರೂ ಯಾರೂ ಬಾರದಿದ್ದಲ್ಲಿ, ಊರಿನಲ್ಲಿಯೂ ಸಂತೆಯಲ್ಲಿಯೂ ಡಂಗುರ ಹೊಯಿಸಿ, ಮತ್ತೆ 7 ದಿನ ಕಾದು, ತರುವಾಯ ಲಿಲಾವು ಮಾಡುವುದು ವಿಧಿ.

ಬಲಾತ್ಕಾರದಿಂದ ದನವನ್ನು ಬಿಡಿಸಿಕೊಂಡೊಯ್ದವನಿಗೆ 6 ತಿಂಗಳವರೆಗಿನ ಸೆರೆಯನ್ನೋ 500 ರೂಪಾಯಿವರೆಗಿನ ದಂಡವನ್ನೋ ವಿಧಿಸಬಹುದಿತ್ತು. ಆದರೆ ಅನ್ಯಾಯವಾಗಿ ಹಿಡಿದದ್ದಾಗಿದ್ದರೆ, ಯಜಮಾನನು 10 ದಿನಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ಫಿರ್ಯಾದು ಸಲ್ಲಿಸಿ, ತೆತ್ತ ದಂಡವನ್ನೂ 100 ರೂಪಾಯಿ ಮೀರದ ಪರಿಹಾರವನ್ನೂ ಪಡೆಯಬಹುದಿತ್ತು. ಬೆಳೆ ಕಳೆದುಕೊಂಡ ಹೊಲದವನಿಗೂ ತನ್ನ ನಷ್ಟಕ್ಕಾಗಿ ದಿವಾಣಿ ನ್ಯಾಯಾಲಯದ ಬಾಗಿಲು ತೆರೆದೇ ಇತ್ತು. ಹೀಗೆ ನೆಲದ ಸ್ವಾಮ್ಯವನ್ನೂ ದಂಡಿಸುವ ಅಧಿಕಾರವನ್ನೂ ಬೇರ್ಪಡಿಸಿದ್ದೇ ಆ ಶಾಸನದ ಮುಖ್ಯ ತತ್ತ್ವ.