ಹೈದರಾಬಾದಿನ ಗಾಜುಫಲಕಗಳೂ ನಕ್ಷತ್ರಪುಂಜಗಳ ಜನ್ಮವೂ

ನಾಚಾರಂ ಹೈದರಾಬಾದಿನ ಪೂರ್ವಭಾಗದ ಕಾರ್ಖಾನೆಗಳ ಪ್ರದೇಶ. ಅಲ್ಲಿನ ದೀಪಗಳ ನಡುವೆ ಕೃತ್ತಿಕೆಯ ಆರು ತಾರೆಗಳನ್ನೆಣಿಸುವುದು ಸುಲಭವಲ್ಲ. ಆದರೆ ಅದೇ ನಗರದ ಪಶ್ಚಿಮಕ್ಕಿರುವ ಬೇಗಂಪೇಟೆಯಲ್ಲಿ, ಇಷ್ಟು ಬೆಳಕು ಬರುವ ಮುನ್ನ, ಆಕಾಶದ ಒಂದು ಪಟ್ಟಿಯನ್ನೇ ಅಳೆದು ಬರೆದಿಡಲಾಯಿತು.

ನವಾಬ ಜಫರ್ ಜಂಗರು 1901ರಲ್ಲಿ ಸ್ವಂತ ವೆಚ್ಚದಿಂದ ಸ್ಥಾಪಿಸಿದ ನಿಜಾಮಿಯಾ ವೇಧಶಾಲೆಯು ಅವರ ಮರಣಾನಂತರ ಸಂಸ್ಥಾನದ ಸರ್ಕಾರಕ್ಕೆ ಸೇರಿತು. 1887ರಲ್ಲಿ ಪ್ಯಾರಿಸ್ ನಗರದಲ್ಲಿ ಕೂಡಿದ ಖಗೋಳಜ್ಞರು ಆಕಾಶವನ್ನು ಹಲವು ವೇಧಶಾಲೆಗಳಿಗೆ ಹಂಚಿದ್ದರಷ್ಟೆ. ಚಿಲಿಯ ಸಾಂತಿಯಾಗೊ ನೆರವೇರಿಸಲಾರದೆ ಹೋದ, ಖಗೋಳ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 17ರಿಂದ 23 ಅಂಶಗಳವರೆಗಿನ ಪಟ್ಟಿಯು ಹೈದರಾಬಾದಿನ ಪಾಲಿಗೆ ಬಂದಿತು. 1908ರಲ್ಲಿ ಬಂದ ಚಾಟ್‌ವುಡ್, ಅವರ ತರುವಾಯ ಪೋಕಾಕ್, 1918ರಿಂದ 1944ರವರೆಗೆ ಟಿ. ಪಿ. ಭಾಸ್ಕರನ್ ಇವರ ನೇತೃತ್ವದಲ್ಲಿ ಕಾರ್ಯ ಸಾಗಿತು. ಗಾಜುಫಲಕಗಳ ಮೇಲಿನ ಒಂದೊಂದು ಚುಕ್ಕೆಯನ್ನೂ ಕಣ್ಣಿಟ್ಟು ಅಳೆಯಬೇಕಾಗಿತ್ತು. ಕೀರ್ತಿಯಾಗಲಿ ರೋಮಾಂಚನವಾಗಲಿ ಇಲ್ಲದ ಕೆಲಸವದು.

ಇದಕ್ಕೂ ಪುಂಜಗಳ ಹುಟ್ಟಿಗೂ ಸಂಬಂಧವೇನು? ಚದುರಿದ್ದ ನಕ್ಷತ್ರಗಳು ಪರಸ್ಪರ ಆಕರ್ಷಣೆಯಿಂದ ಕಾಲಕ್ರಮದಲ್ಲಿ ಒಂದುಗೂಡಿ ಪುಂಜಗಳಾಗುವುವೆಂದು ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಊಹಿಸಿದ್ದನು. ನಿಜಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿಪರೀತ. ಆಕಾಶಗಂಗೆಯ ತಟ್ಟೆಯಲ್ಲಿರುವ ಬಿಡಿಪುಂಜಗಳ ನಕ್ಷತ್ರಗಳು ಶೀತಲವಾದ ಒಂದೇ ಅನಿಲಮೇಘ ಕುಸಿದಾಗ ಒಡಹುಟ್ಟುತ್ತವೆ, ಬಳಿಕ ಚದುರುತ್ತವೆ. ಒಡಹುಟ್ಟಿದವುಗಳಾವುವು, ಹಾದಿಯಲ್ಲಿ ಅಡ್ಡಬಂದವಾವುವು ಎಂಬುದನ್ನು ಅವುಗಳ ಚಲನೆಯೇ ಹೇಳಬೇಕು. ಆ ಚಲನೆಯಾದರೋ ವರ್ಷಗಳ ಅಂತರದ ಎರಡು ಅಳತೆಗಳನ್ನು ಹೋಲಿಸಿದಾಗ ಮಾತ್ರ ಗೋಚರ. 2000ದಲ್ಲಿ ಪ್ರಕಟವಾದ ಟೈಕೊ-2 ಸೂಚಿಯಲ್ಲಿ ಹಿಪ್ಪಾರ್ಕಸ್ ಉಪಗ್ರಹದ ಅಳತೆಗಳೊಡನೆ ಈ ಹಳೆಯ ಆಕಾಶಸೂಚಿಯನ್ನು ಹೋಲಿಸಿ ಸುಮಾರು 25 ಲಕ್ಷ ನಕ್ಷತ್ರಗಳ ಚಲನೆಯನ್ನು ಕಂಡುಕೊಂಡರು. ಬೇಗಂಪೇಟೆಯ ಶ್ರಮಕ್ಕೆ ಅಲ್ಲಿ ಬೆಲೆ ಬಂದಿತು.

ಹೈದರಾಬಾದಿನ ಪಟ್ಟಿಯೊಳಗೇ ಎರಡು ಬಗೆಯ ಜನ್ಮವೂ ಇದೆ. ಲುಬ್ಧಕದ ದಕ್ಷಿಣಕ್ಕೆ ನಾಲ್ಕು ಅಂಶದಷ್ಟು ದೂರದಲ್ಲಿ ಕಾಣುವ ಮೆಸಿಯೇ 41 ಎಂಬ ಬಿಡಿಪುಂಜವು ಸುಮಾರು 20 ಕೋಟಿ ವರ್ಷಗಳದು, ಇಲ್ಲಿಯೇ ಹುಟ್ಟಿದ್ದು. ಧನುರಾಶಿಯಲ್ಲಿರುವ ಮೆಸಿಯೇ 75 ಗೋಳಾಕಾರದ ಪುಂಜ. ಅತಿ ಪುರಾತನ, ಅತಿ ದೂರ. ಅದರ ನಕ್ಷತ್ರಗಳನ್ನು ಬಿಡಿಸಿ ಅಳೆಯುವುದು ಆ ಫಲಕಗಳಿಗೆ ಮೀರಿದ ಮಾತಾಗಿತ್ತು. ಅದಕ್ಕೆ 2013ರಲ್ಲಿ ಹಾರಿದ ಗಯಾ ನೌಕೆಯೇ ಬೇಕಾಯಿತು. ಅದರ ಕಕ್ಷೆಯನ್ನು ಲೆಕ್ಕಿಸಿದ ವಿದ್ವಾಂಸರು, ಬಹು ಹಿಂದೆ ಆಕಾಶಗಂಗೆಯಲ್ಲಿ ಲೀನವಾದ ಬೇರೊಂದು ಸಣ್ಣ ಗೆಲಾಕ್ಸಿಯೊಡನೆ ಅದು ಬಂದಿರಬೇಕೆಂದು ಎಣಿಸಿರುವರು.