ಮನೋರೋಗ ಚಿಕಿತ್ಸೆ ಮತ್ತು ವಿಮಾ ಸಮಾನತೆ: ಒಂದು ಚಾರಿತ್ರಿಕ ಅವಲೋಕನ

ಮನೋರೋಗಿಗಳನ್ನು ಕುರಿತ ನಮ್ಮ ದೇಶದ ಕಾನೂನುಗಳ ಚರಿತ್ರೆಯು ಚಿಕಿತ್ಸೆಯಿಂದಲ್ಲ, ಬಂಧನದಿಂದ ಆರಂಭವಾಗುತ್ತದೆ. 1858ರಲ್ಲಿ ಬಂದ ಮೂರು ಕಾಯಿದೆಗಳ ಮುಖ್ಯ ಕಾಳಜಿ ರೋಗಿಯ ಆಸ್ತಿ ಹಾಗೂ ಹುಚ್ಚಾಸ್ಪತ್ರೆಗಳ ಆಡಳಿತ. ಇವುಗಳ ಸ್ಥಾನದಲ್ಲಿ ಬಂದ 1912ರ ಕಾಯಿದೆಯು, 1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬರುವವರೆಗೂ ಉಳಿದುಕೊಂಡಿತು. ವಿಮೆಯ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿಯೇ ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ.

1986ರಲ್ಲಿ ಸಾರ್ವಜನಿಕ ವಲಯದ ವಿಮಾ ಕಂಪನಿಗಳು ಮೆಡಿಕ್ಲೈಮ್ ಯೋಜನೆಯನ್ನು ಆರಂಭಿಸಿದವು. ಇಂಥ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಮನೋರೋಗವು ಬಹುಕಾಲ ಹೊರತುಪಡಿಸಿದ ರೋಗಗಳ ಪಟ್ಟಿಯಲ್ಲಿಯೇ ಇತ್ತು. ಆದರೆ ಅದೇ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಬೇರೊಂದು ಪ್ರಯೋಗ ನಡೆಸಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿ, ರೋಗಿಗೆ ಅವನ ಊರಿನ ಸಮೀಪದಲ್ಲಿಯೇ ಚಿಕಿತ್ಸೆ ದೊರಕಿಸಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಮಾದರಿ. ಚಿಕಿತ್ಸೆಯು ಆಸ್ಪತ್ರೆಯ ಗೋಡೆಯನ್ನು ದಾಟಿದರೂ ವಿಮೆಯ ಪಾಲಿಸಿಯು ರೋಗವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

2007ರಲ್ಲಿ ಭಾರತವು ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 21(4)ನೆಯ ಕಲಮು, ದೈಹಿಕ ರೋಗಕ್ಕೆ ಇರುವ ಆಧಾರದ ಮೇಲೆಯೇ ಮನೋರೋಗಕ್ಕೂ ವಿಮೆ ಒದಗಿಸಬೇಕೆಂದು ವಿಧಿಸಿತು. ಕಾಯಿದೆ 2018ರಲ್ಲಿ ಜಾರಿಗೆ ಬಂದಿತು. ವಿಮಾ ನಿಯಂತ್ರಣ ಪ್ರಾಧಿಕಾರವೂ ಅದೇ ವರ್ಷ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಆದರೂ ಹಣ ನಿರಾಕರಿಸಲ್ಪಟ್ಟ ಪಾಲಿಸಿದಾರರೊಬ್ಬರು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2021ರಲ್ಲಿ ತೀರ್ಪು ಅವರ ಪರವಾಯಿತು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಈ ಕಲಮಿಗೆ ಹೊಂದಿಕೊಳ್ಳಬೇಕೆಂದು ಪ್ರಾಧಿಕಾರವು ಮತ್ತೆ ಆದೇಶಿಸಬೇಕಾಯಿತು.

ಇಲ್ಲಿ ‘ಅದೇ ಆಧಾರ’ ಎಂಬ ಮಾತನ್ನು ನಾವು ಸೂಕ್ಷ್ಮವಾಗಿ ಗಮನಿಸಬೇಕು. ನಮ್ಮಲ್ಲಿ ಆರೋಗ್ಯ ವಿಮೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದವರ ವೆಚ್ಚವನ್ನು ಭರಿಸುತ್ತದೆ. ಮನೋರೋಗಿಗಳಲ್ಲಿ ಹೆಚ್ಚಿನವರಿಗಾದರೋ ಬೇಕಾದದ್ದು ಹಾಸಿಗೆಯಲ್ಲ. ವರ್ಷಗಟ್ಟಲೆ ನಡೆಯುವ ವೈದ್ಯರ ಭೇಟಿ, ಔಷಧಿ, ಆಪ್ತಸಮಾಲೋಚನೆ. ದೇಹದ ರೋಗಕ್ಕೆಂದು ಮಾಡಿದ ಅಳತೆಗೋಲನ್ನೇ ಮನಸ್ಸಿಗೂ ಹಿಡಿದಾಗ ಕಾಯಿದೆಯ ಅಕ್ಷರ ಈಡೇರುತ್ತದೆ, ಆದರೆ ವೆಚ್ಚದ ಬಹುಭಾಗ ಕುಟುಂಬದ ಮೇಲೆಯೇ ಉಳಿಯುತ್ತದೆ. ಬಳ್ಳಾರಿಯ ಪ್ರಯೋಗದ ಪಾಠವು ವಿಮೆಯ ಪಾಲಿಸಿಯನ್ನು ತಲುಪುವವರೆಗೆ ಈ ಸಮಾನತೆಯನ್ನು ನಾವು ಪೂರ್ಣವೆನ್ನಲಾರೆವು.