ಒಂದೇ ಹೆಸರಿನ ಕಾರು, ಬೇರೆ ಬೇರೆ ನಟ್ಟು: ಚಕ್ರ ಬದಲಿಸುವ ಮೊದಲು ತಿಳಿದಿರಬೇಕಾದದ್ದು

ಬಂಟ್ವಾಳದ ಬಿ.ಸಿ. ರೋಡಿನಲ್ಲೋ, ಬೆಳ್ತಂಗಡಿಯಲ್ಲೋ, ಮೂಡುಬಿದಿರೆಯಲ್ಲೋ ರಸ್ತೆ ಬದಿ ನಿಂತ ಕಾರುಗಳ ಚಕ್ರದ ನಟ್ಟು ಎಣಿಸಿ ನೋಡಿ. ಕ್ವಿಡ್‌ಗೆ ಮೂರು, ಸ್ವಿಫ್ಟ್‌ಗೆ ನಾಲ್ಕು, ಇನ್ನೋವಾಕ್ಕೆ ಐದು, ಫಾರ್ಚುನರ್‌ಗೆ ಆರು. ಕಾರಿನ ಬೆಲೆ ಏರಿದ ಹಾಗೆ ನಟ್ಟೂ ಏರುತ್ತದೆ ಅಂತ ತಮಾಷೆ ಮಾಡಬಹುದು. ಆದರೆ ಈ ಲೆಕ್ಕದ ಹಿಂದೆ ಎಂಜಿನಿಯರಿಂಗ್ ಇದೆ, ದುಡ್ಡಿನ ಲೆಕ್ಕಾಚಾರ ಇದೆ, ಕಾನೂನೂ ಇದೆ. ಸೆಕೆಂಡ್ ಹ್ಯಾಂಡ್ ಅಲಾಯ್ ಹಾಕಿಸೋಣ ಅಂತ ಹೊರಟವರಿಗೆ ಈ ಮೂರೂ ಗೊತ್ತಿರಬೇಕು.

ಪಿಸಿಡಿ ಅಂದರೇನು?

ನಟ್ಟಿನ ತೂತುಗಳ ಮಧ್ಯಬಿಂದುಗಳನ್ನು ಸೇರಿಸಿ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಪಿಚ್ ಸರ್ಕಲ್ ಡಯಾಮೀಟರ್, ಅಂದರೆ ಪಿಸಿಡಿ. ಸ್ವಿಫ್ಟ್‌ನದ್ದು 4×100: ನಾಲ್ಕು ತೂತು, 100 ಮಿಲಿಮೀಟರ್ ವೃತ್ತ. ಇನ್ನೋವಾ, ಕ್ರೆಟಾ, ಬ್ರೆಝಾ 5×114.3. ಫೋಕ್ಸ್‌ವ್ಯಾಗನ್ ಪೋಲೋ 5×100. ಟಾಟಾ ನೆಕ್ಸಾನ್ 5×108. ಜಿಪ್ಸಿ ಮತ್ತು ಜಿಮ್ನಿ 5×139.7. ಈ 114.3, 139.7 ವಿಚಿತ್ರ ಸಂಖ್ಯೆಗಳಲ್ಲ. ಅವು ನಾಲ್ಕೂವರೆ ಮತ್ತು ಐದೂವರೆ ಇಂಚು, ಅಷ್ಟೇ.

ಅಳೆಯುವುದು ಸುಲಭ. ನಾಲ್ಕು ಅಥವಾ ಆರು ತೂತಿದ್ದರೆ ಎದುರುಬದುರು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. ಐದು ತೂತಿದ್ದರೆ ಎದುರುಬದುರು ಯಾವುದೂ ಇರುವುದಿಲ್ಲ. ಹಾಗಾಗಿ ಅಕ್ಕಪಕ್ಕದ ಎರಡು ತೂತುಗಳ ಅಂತರ ಅಳೆದು 1.7ರಿಂದ ಗುಣಿಸಿ. 67.2 ಮಿ.ಮೀ. ಬಂದರೆ 114.3, 63.5 ಬಂದರೆ 108, 58.8 ಬಂದರೆ 100.

ಸ್ಪೋರ್ಟ್ ಮಾಡೆಲ್‌ಗೆ ಯಾಕೆ ಬೇರೆ?

ವಿದೇಶದಲ್ಲಿ ಮಾರಿದ ಸ್ವಿಫ್ಟ್ ಸ್ಪೋರ್ಟ್‌ನ ಹಬ್ 5×114.3. ನಮ್ಮ ಸ್ವಿಫ್ಟ್‌ನ ಹೆಸರೇ, ಆದರೆ ಅದರ ಚಕ್ರ ಇದಕ್ಕೆ ಕೂರುವುದಿಲ್ಲ. ಹತ್ತನೇ ತಲೆಮಾರಿನ ಹೋಂಡಾ ಸಿವಿಕ್ 5×114.3, ಅದರದ್ದೇ ಟೈಪ್ ಆರ್ 5×120. ಸುಬಾರು ತನ್ನ ಎಸ್‌ಟಿಐಯನ್ನು 2005ರಲ್ಲಿ 5×100ರಿಂದ 5×114.3ಕ್ಕೆ ಬದಲಿಸಿತು. ಅದೇ ಕಾಲದ ಡಬ್ಲ್ಯುಆರ್‌ಎಕ್ಸ್ 5×100ರಲ್ಲೇ ಉಳಿಯಿತು.

ಕಾರಣ ಇಷ್ಟೆ. ಚಕ್ರವನ್ನು ತಿರುಗಿಸುವುದು ಸ್ಟಡ್ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅಲ್ಲ ಮಾರಾಯ್ರೆ. ನಟ್ಟು ಬಿಗಿದಾಗ ಚಕ್ರ ಹಬ್‌ಗೆ ಒತ್ತಿಕೊಳ್ಳುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಎಂಜಿನ್ನಿನ ಮತ್ತು ಬ್ರೇಕಿನ ಬಲವನ್ನು ಹೊರುತ್ತದೆ. ಪ್ರತಿ ನಟ್ಟಿನ ಬಿಗಿತ ಒಂದೇ ಅಂತಿಟ್ಟುಕೊಳ್ಳಿ. ನಾಲ್ಕರಿಂದ ಐದಕ್ಕೆ ಹೋದರೆ ಒತ್ತಡ ಶೇ. 25 ಹೆಚ್ಚು. ವೃತ್ತ 100ರಿಂದ 114.3ಕ್ಕೆ ಹಿಗ್ಗಿದರೆ ತೋಳಿನ ಉದ್ದ ಶೇ. 14 ಹೆಚ್ಚು. ಎರಡನ್ನೂ ಗುಣಿಸಿದರೆ ಹಿಡಿತ ಸುಮಾರು ಶೇ. 43 ಜಾಸ್ತಿ. ಜೊತೆಗೆ ದೊಡ್ಡ ಬ್ರೇಕ್ ಡಿಸ್ಕ್, ದೊಡ್ಡ ಬೇರಿಂಗ್‌ಗೆ ಜಾಗವೂ ಸಿಗುತ್ತದೆ.

ಹಾಗಾದರೆ ಮೂರು ನಟ್ಟಿನ ಕಾರು ಅಪಾಯವೇ? ಅಲ್ಲ. ಟಾಟಾ ನ್ಯಾನೋ, ಕ್ವಿಡ್ ಹಗುರ ಕಾರುಗಳು, ಅವುಗಳ ತೂಕ ಮತ್ತು ಶಕ್ತಿಗೆ ಮೂರು ಸಾಕು ಎಂದೇ ವಿನ್ಯಾಸ ಮಾಡಿದ್ದಾರೆ. ಒಂದು ಸ್ಟಡ್, ಒಂದು ನಟ್ಟು ಕಡಿಮೆಯಾದರೆ ಲಕ್ಷಾಂತರ ಕಾರುಗಳಲ್ಲಿ ಉಳಿತಾಯ ದೊಡ್ಡದು. ಆದರೆ ಮೂರರಲ್ಲಿ ಒಂದು ಸಡಿಲಾದರೆ ಹೋಗುವುದು ಮೂರನೇ ಒಂದು ಪಾಲು ಹಿಡಿತ, ಐದರಲ್ಲಾದರೆ ಐದನೇ ಒಂದು. ಅಗ್ಗದ ಕಾರಿನವರಿಗೆ ಅಜಾಗರೂಕತೆಗೆ ಉಳಿದಿರುವ ಜಾಗ ಕಡಿಮೆ.

ನಮ್ಮಲ್ಲಿ ಕಥೆ ಬೇರೆ

ಭಾರತದಲ್ಲಿ ಮಾರಿದ 'ಪರ್ಫಾರ್ಮೆನ್ಸ್' ಕಾರುಗಳಲ್ಲಿ ಹಬ್ ಬದಲಾದದ್ದು ಅಪರೂಪ. 2017ರಲ್ಲಿ ಬಂದ ಬಲೆನೋ ಆರ್‌ಎಸ್‌ಗೆ ಟರ್ಬೋ ಎಂಜಿನ್, ಹಿಂದೆಯೂ ಡಿಸ್ಕ್ ಬ್ರೇಕ್ ಸಿಕ್ಕಿತು, ಚಕ್ರ ಮಾತ್ರ ಮಾಮೂಲಿ ಬಲೆನೋದ 4×100. ಪೋಲೋ ಜಿಟಿ ಟಿಎಸ್‌ಐಗೂ ಮೂರು ಸಿಲಿಂಡರಿನ ಬೇಸ್ ಪೋಲೋಗೂ ಒಂದೇ 5×100. ಹಾಗಾಗಿ ಇಲ್ಲಿ ಬೇಸ್ ಮಾಡೆಲ್ ಕೊಂಡವರು ಟಾಪ್ ಮಾಡೆಲ್ಲಿನ ಅಲಾಯ್ ಹುಡುಕುವುದು ಸಹಜ. ಸಮಸ್ಯೆ ಶುರುವಾಗುವುದು ಬೇರೆ ಕಂಪೆನಿಯ ಚಕ್ರ 'ಕೂತಿತಲ್ಲ' ಅಂದಾಗ.

ನಾಲ್ಕು ಬಲೆಗಳನ್ನು ನೆನಪಿಡಿ. ಒಂದು, ಹಳೆಯ ಫಿಯಟ್ ಪಾಲಿಯೋದ 4×98 ಚಕ್ರ 4×100 ಹಬ್‌ಗೆ ಕೂತ ಹಾಗೇ ಕಾಣುತ್ತದೆ, ಆದರೆ ನಟ್ಟು ಓರೆಯಾಗಿ ಕೂರುತ್ತದೆ. ಎರಡು, ಥ್ರೆಡ್: ಸುಜುಕಿಯದ್ದು 12 ಮಿ.ಮೀ. ಸ್ಟಡ್, 1.25 ಪಿಚ್. ಹುಂಡೈ, ಹೋಂಡಾ, ಟೊಯೋಟಾದ್ದು 1.5 ಪಿಚ್. ಅದಲುಬದಲಾದರೆ ಸ್ಟಡ್ಡೇ ಹಾಳು. ಮೂರು, ನಟ್ಟಿನ ತಳ: ಹೋಂಡಾ, ಫೋಕ್ಸ್‌ವ್ಯಾಗನ್‌ನದ್ದು ಗುಂಡಗೆ, ಹೊರಗೆ ಸಿಗುವ ಹೆಚ್ಚಿನ ಅಲಾಯ್‌ಗೆ ಬೇಕಾದದ್ದು ಶಂಕುವಿನಾಕಾರ. ನಾಲ್ಕು, ನಡುವಿನ ತೂತು: ಸ್ವಿಫ್ಟ್‌ಗೆ 54.1 ಮಿ.ಮೀ. ಚಕ್ರದ್ದು ದೊಡ್ಡದಿದ್ದರೆ ನಡುವೆ ರಿಂಗ್ ಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಹೊಸ ಚಕ್ರ ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಟಾರ್ಕ್ ರೆಂಚ್‌ನಲ್ಲಿ ಬಿಗಿತ ನೋಡಿಸಿ.

ಇದು ಬರೀ ಶೋಕಿಯ ವಿಷಯ ಅಲ್ಲ. ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತಬೇಕು. ಆ ಬಲವೆಲ್ಲ ಹಾದುಹೋಗುವುದು ಅಂಗೈಯಗಲದ ಆ ಹಬ್ಬಿನ ಮೂಲಕ.

ಕಾನೂನು ಯಾರನ್ನು ಹಿಡಿಯುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಸೆಕ್ಷನ್ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ಇಟ್ಟಿದೆ. ನಿಯಮ ಮೀರಿದ ಸುರಕ್ಷತಾ ಬಿಡಿಭಾಗ ಮಾರಿದವರಿಗೂ ಅದೇ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ, ಬಿಡಿಭಾಗವೊಂದಕ್ಕೆ ಲಕ್ಷ ರೂಪಾಯಿ ದಂಡ. ಆದರೆ ರಸ್ತೆ ಬದಿಯ ತಪಾಸಣೆಯಲ್ಲಿ ಕಣ್ಣಿಗೆ ಬೀಳುವುದು ಕಾರು, ಅಂಗಡಿಯಲ್ಲ.

ಮೆಕ್ಯಾನಿಕಲ್ ಓದಿದ ನನಗೆ ಪಿಸಿಡಿ ಪಠ್ಯದಲ್ಲಿ ಸಿಕ್ಕಿತು. ಟ್ಯಾಕ್ಸಿ ಓಡಿಸುವವರಿಗೆ, ಮೊದಲ ಕಾರು ಕೊಂಡ ಹುಡುಗಿಗೆ ಅದು ಎಲ್ಲಿ ಸಿಗಬೇಕು? ಟಯರ್ ಗಾಳಿಯ ಒತ್ತಡ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರ ಸ್ಟಿಕ್ಕರ್ ಅಂಟಿಸುತ್ತಾರಲ್ಲ, ಅದರಲ್ಲೇ ಇನ್ನೊಂದು ಸಾಲು ಸೇರಿಸಲಿ: ಪಿಸಿಡಿ, ನಡುವಿನ ತೂತು, ಥ್ರೆಡ್, ನಟ್ಟಿನ ತಳ, ಬಿಗಿತ. ಅಲಾಯ್ ಮಾರುವ ಬಿಲ್ಲಿನಲ್ಲೂ ಇದೇ ಐದು ವಿವರ ಕಡ್ಡಾಯವಾಗಲಿ. ತಪ್ಪಿಗೆ ದಂಡ ಹಾಕುವ ಸರ್ಕಾರ ಸರಿ ಯಾವುದು ಅಂತಲೂ ಬರೆಸಬೇಕು. ಅದಕ್ಕೆ ಖರ್ಚು ಒಂದು ಸಾಲಿನ ಮುದ್ರಣ ಮಾತ್ರ.